ಎಂಸಿಆರ್ ಚಪ್ಪಲಿ: ಮಧುಮೇಹಿಗಳು ಕೊಳ್ಳುವ ಮುನ್ನ ಒತ್ತಿ, ತಿರುಗಿಸಿ ನೋಡಿ

ಪಾದದ ಸ್ಪರ್ಶ ಕುಂದಿದ ಮಧುಮೇಹಿಗೆ ಕಲ್ಲು ಚುಚ್ಚಿದರೂ ತಿಳಿಯದು. ಹುಣ್ಣಾಗಿ ಕೀವು ಕಂಡಾಗಲೇ ಗೊತ್ತಾಗುವುದು. ಇಂಥವರಿಗೆ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್, ಅಂದರೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರ್) ಚಪ್ಪಲಿ ನಿಜಕ್ಕೂ ಬೇಕಾದ ವಸ್ತು. ಒಳಗಿನ ಈ ರಬ್ಬರ್ ಮೆತ್ತೆ ಒತ್ತಡವನ್ನು ಇಡೀ ಅಂಗಾಲಿಗೆ ಹಂಚುತ್ತದೆ, ಗಟ್ಟಿ ಹೊರ ಅಟ್ಟೆ ಮುಳ್ಳನ್ನು ತಡೆಯುತ್ತದೆ.

ಆದರೆ ಎಂಸಿಆರ್ ಎಂದು ಬರೆದದ್ದೆಲ್ಲ ಎಂಸಿಆರ್ ಅಲ್ಲ. ಹೆಬ್ಬೆರಳಿನಿಂದ ಮೆತ್ತೆಯನ್ನು ಒತ್ತಿ: ತಗ್ಗಬೇಕು, ಬಿಟ್ಟೊಡನೆ ಮೇಲೇಳಬೇಕು. ಗುಳಿ ಹಾಗೇ ಉಳಿದರೆ ಬೇಡ. ಮೊಳೆ ಹೊಡೆದದ್ದಂತೂ ಬೇಡವೇ ಬೇಡ, ಅಟ್ಟೆ ಸವೆದಂತೆ ಮೊಳೆ ಮೇಲೆ ಬರುತ್ತದೆ. ಬೆರಳ ಸಂದಿಗೆ ಪಟ್ಟಿ ಬರುವ ಹವಾಯಿ ಮಾದರಿಯೂ ಸಲ್ಲದು, ಅಲ್ಲೇ ಚರ್ಮ ಉಜ್ಜಿ ಗಾಯವಾಗುತ್ತದೆ. ಹಿಮ್ಮಡಿಗೆ ವೆಲ್ಕ್ರೋ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯುವುದಿಲ್ಲ.

ಸಂಜೆ, ಪಾದ ತುಸು ಊದಿದಾಗ ಅಳತೆ ನೋಡಿ. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ. ಮೊದಲ ದಿನ 1 ಗಂಟೆ ಮಾತ್ರ ಹಾಕಿ, ಕಳಚಿ, ಕೆಂಪು ಗುರುತುಗಳಿವೆಯೇ ಪರೀಕ್ಷಿಸಿ. ಮೆತ್ತೆ ಚಪ್ಪಟೆಯಾದರೆ, ಮೇಲ್ಭಾಗ ಹೊಸದರಂತಿದ್ದರೂ ಬದಲಿಸಿ.

ನಮ್ಮಲ್ಲಿ ಮನೆಯೊಳಗೆ ಬರಿಗಾಲೇ ರೂಢಿ. ಹಾಗಾಗಿ ಒಳಗಿನ ಓಡಾಟಕ್ಕೆ ಇನ್ನೊಂದು ಜೊತೆ ಕೊಳ್ಳಿ. ಈಗಾಗಲೇ ಹುಣ್ಣಿದ್ದರೆ ಈ ಸಿದ್ಧ ಚಪ್ಪಲಿ ಸಾಲದು, ವೈದ್ಯರಿಗೆ ತೋರಿಸಬೇಕು. ಪಾದದ ಆಕಾರ ಬದಲಾಗಿದ್ದರೆ ಪಾದದ ಅಚ್ಚು ತೆಗೆದು ಮಾಡಿಸಬೇಕು.