ಟಿವಿ ಯೂನಿಟ್ ಒಳಗೆ ಫಿಶ್ ಟ್ಯಾಂಕ್ ಕೂರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ದಡ್ಡತನವೂ ಇದೆ. ಹೆಂಡತಿ ಮುಂಚೆಯೇ ಕೇಳಿದ್ದಳು. ನಾನು ಅಂಗಡಿಯವನ ಜೊತೆ ಸೇರಿಕೊಂಡು ನಕ್ಕಿದ್ದೆ. ಆ ನಗು ನೆನಪಾದಾಗಲೆಲ್ಲ ಈಗಲೂ ಮೈ ಉರಿಯುತ್ತದೆ.

ನಾವಿರುವುದು ವಿಜಯನಗರದಲ್ಲಿ. ಶಿವರಾತ್ರಿ ಆದ ಮೇಲೆ ಹಾಲ್‌ಗೆ ಹೊಸ ಟಿವಿ ಯೂನಿಟ್ ಮಾಡಿಸೋಣ ಅಂದುಕೊಂಡೆವು. ಮಗನಿಗೆ ಮೀನು ಬೇಕು, ನನಗೆ ಹೋಮ್ ಥಿಯೇಟರ್ ಬೇಕು. ಅಕ್ವೇರಿಯಂ ಅಂಗಡಿಯವನೊಬ್ಬ ಎರಡನ್ನೂ ಒಂದೇ ಕ್ಯಾಬಿನೆಟ್‌ನಲ್ಲಿ ಕೂರಿಸಿ ಕೊಡುತ್ತೇನೆ ಅಂದ. ಮೂರಡಿ ಟ್ಯಾಂಕ್, ಅದರ ಪಕ್ಕ ಟಿವಿ, ಟ್ಯಾಂಕ್ ಕೆಳಗಿನ ಖಾನೆಯಲ್ಲಿ ವೂಫರ್, ಅಂದರೆ ಗುಮ್ಮೆನ್ನುವ ದಪ್ಪ ಸದ್ದಿನ ಸ್ಪೀಕರ್. ಪ್ಲೈವುಡ್ಡು, ಫಿಲ್ಟರು, ಲೈಟು, ಆರು ಒರಾಂಡಾ ಗೋಲ್ಡ್‌ಫಿಶ್, ಫಿಟ್ಟಿಂಗ್ ಎಲ್ಲಾ ಸೇರಿ 26,500. ಅಡ್ವಾನ್ಸ್ 20,000. ಹೌದು, ಅಷ್ಟೂ ಕೊಟ್ಟೆ. ನೀವು ಬೈಯಬೇಡಿ, ಮನೆಯಲ್ಲಿ ಬೈಸಿಕೊಂಡಾಗಿದೆ.

ಹೆಂಡತಿ ಕೇಳಿದಳು, "ಕೆಳಗೆ ವೂಫರ್ ಇಟ್ರೆ ಮೀನಿಗೆ ತೊಂದ್ರೆ ಆಗಲ್ವಾ?"

ಅವನು ನನ್ನ ಕಡೆ ನೋಡಿ ನಕ್ಕ. "ಮೇಡಂ, ಮೀನಿಗೆ ಕಿವಿ ಎಲ್ಲಿದೆ? ಎಲ್ಲಾದ್ರೂ ಕಂಡ್ರೆ ತೋರಿಸಿ."

ನಾನೂ ನಕ್ಕೆ. ಅವಳು ಸುಮ್ಮನಾದಳು.

ಏಪ್ರಿಲ್‌ನಲ್ಲಿ ಒಂದು ರಾತ್ರಿ ಆರ್‌ಸಿಬಿ ಮ್ಯಾಚ್. ಆಫೀಸಿನ ನಾಲ್ಕು ಜನ ಬಂದಿದ್ದರು. ಸೌಂಡ್ ಜೋರಾಗಿ ಇಟ್ಟಿದ್ದೆ, ಹೊಸದಲ್ವಾ, ತೋರಿಸಿಕೊಳ್ಳಬೇಕಿತ್ತು. ಮಧ್ಯದಲ್ಲಿ ಮಗ ಬಂದು "ಅಪ್ಪ, ನೀರು ನೋಡು" ಅಂದ. ವೂಫರ್ ಒಂದೊಂದು ಸಲ ಗುಮ್ಮೆಂದಾಗಲೂ ಟ್ಯಾಂಕಿನ ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು. ಮುಚ್ಚಳದ ಲೈಟ್ ನೀರಿಗೆ ಬಿದ್ದು ಗೋಡೆ ಮೇಲೆ ನಡುಗುತ್ತಿತ್ತು. ಆರೂ ಮೀನು ಫಿಲ್ಟರ್ ಪೈಪಿನ ಹಿಂದಿನ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು, ರೆಕ್ಕೆ ಮೈಗೆ ಅಂಟಿಸಿಕೊಂಡು. "ಮೀನಿಗೂ ಮ್ಯಾಚ್ ಟೆನ್ಷನ್" ಅಂತ ಯಾರೋ ಅಂದರು. ಎಲ್ಲರೂ ನಕ್ಕೆವು. ಮತ್ತೆ ನಗು ನೋಡಿ. ಸಿಕ್ಸರ್ ಬಿದ್ದಾಗ ಒಂದು ಮೀನು ಬಾಣದ ಹಾಗೆ ಹಾರಿ ಮುಚ್ಚಳಕ್ಕೆ ಬಡಿದುಕೊಂಡಿತು.

ಬೆಳಗ್ಗೆ ಅದೇ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಉಳಿದವು ಊಟ ಮುಟ್ಟಲಿಲ್ಲ. ನಾಲ್ಕನೇ ದಿನಕ್ಕೆ ಮೈ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ವಾರದಲ್ಲಿ ಇನ್ನೂ ಮೂರು ಹೋದವು.

ಈಗ ಅವನ ವಾಟ್ಸಾಪ್ ಉತ್ತರಗಳನ್ನು ಕೇಳಿ. ಮೊದಲ ದಿನ: "ಊಟ ಜಾಸ್ತಿ ಹಾಕಿದ್ದೀರಿ ಸರ್." ಎರಡನೇ ದಿನ: "ಅರ್ಧ ನೀರು ಬದಲಾಯಿಸಿ ಸರ್." ಬದಲಾಯಿಸಿದೆ. "ಅಷ್ಟೊಂದು ನೀರು ಯಾಕೆ ಬದಲಾಯಿಸಿದ್ರಿ ಸರ್?" ಆಮೇಲೆ ಬೆಂಗಳೂರು ವೆದರ್ ಸರ್. ಆಮೇಲೆ ಕಾವೇರಿ ನೀರಿನ ಕ್ಲೋರಿನ್ ಸರ್. ನೀಲಿ ಔಷಧಿ ಮಾರಿದ, ಕಲ್ಲುಪ್ಪು ಹಾಕಿಸಿದ. ವೂಫರ್ ಇಂದ ಇರಬಹುದಾ ಅಂತ ಕೇಳಿದ್ದಕ್ಕೆ ಒಂದು ನಗುವ ಮುಖ ಕಳಿಸಿದ. ಅಷ್ಟೇ. ಒಂದು ನಗುವ ಮುಖ.

ಇಷ್ಟಾದರೂ ನಾನು ಏನು ಮಾಡಿದೆ? ಅವನ ಹತ್ತಿರವೇ ಇನ್ನೂ ನಾಲ್ಕು ಮೀನು ತಂದೆ. 1,000 ರೂಪಾಯಿ. ಬರೆಯುವುದಕ್ಕೂ ನಾಚಿಕೆ ಆಗುತ್ತದೆ. ಅವುಗಳಲ್ಲಿ ಮೂರು, ಹಳೆಯದರಲ್ಲಿ ಒಂದು, ಮೇ ತಿಂಗಳೊಳಗೆ ಸತ್ತವು.

ಮೇನಲ್ಲಿ ತಂಗಿಯ ಮಗಳು ರಜಕ್ಕೆ ಬಂದಳು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಹಾಡು ಹಾಕಿದ್ದೆ. ಅವಳು ಟ್ಯಾಂಕಿನ ಗಾಜಿಗೆ ಅಂಗೈ ಒತ್ತಿ ಹಿಡಿದು "ಮಾವ, ಇಲ್ಲಿ ಕೈ ಇಡಿ" ಅಂದಳು. ಇಟ್ಟೆ. ಗಾಜು ಜುಮ್ ಅನ್ನುತ್ತಿತ್ತು, ಹಳೇ ಬಿಎಂಟಿಸಿ ಬಸ್ಸಿನ ಕಿಟಕಿ ನಡುಗುತ್ತದಲ್ಲ, ಹಾಗೆ.

"ಮೀನಿಗೆ ಕಿವಿ ಇಲ್ವಂತೆ ಕಣೇ" ಅಂದೆ. ಅವಳು ನನ್ನನ್ನು ನೋಡಿದ ರೀತಿ ಬೇಡ.

ಕಿವಿ ಇದೆ, ತಲೆಯೊಳಗೆ ಇದೆ. ಹೊರಗೆ ಕಾಣುವುದಿಲ್ಲ, ಅಷ್ಟೇ. ಮೀನು ತಿನ್ನುವವರಿಗೆ ಗೊತ್ತಿರುತ್ತದೆ, ಕೆಲವು ಮೀನಿನ ತಲೆ ಬಿಡಿಸಿದರೆ ಹಲ್ಲಿನ ಚೂರಿನಂಥ ಬಿಳಿ ಕಲ್ಲು ಸಿಗುತ್ತದೆ. ಅದು ಕಿವಿಯ ಕಲ್ಲೇ. ಸಾಲದ್ದಕ್ಕೆ ಮೈಯ ಎರಡೂ ಪಕ್ಕ ಬಾಲದವರೆಗೆ ಒಂದು ಗೆರೆ ಇರುತ್ತದೆ, ನೀರು ಸ್ವಲ್ಪ ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ಗೋಲ್ಡ್‌ಫಿಶ್ ಜಾತಿಯದಂತೂ ಇನ್ನೂ ಸೂಕ್ಷ್ಮ. ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಸದ್ದು ಬಡಿದರೆ, ಅಲ್ಲಿಂದ ಪುಟ್ಟ ಪುಟ್ಟ ಮೂಳೆಗಳು ಅದನ್ನು ಕಿವಿಗೆ ಮುಟ್ಟಿಸುತ್ತವೆ. ಅಂದರೆ ಅಷ್ಟು ಮೀನುಗಳಲ್ಲಿ ಚೆನ್ನಾಗಿ ಕಿವಿ ಕೇಳುವ ಮೀನನ್ನೇ ಆರಿಸಿ ವೂಫರ್ ನೆತ್ತಿ ಮೇಲೆ ಕೂರಿಸಿದ್ದಾನೆ ಪುಣ್ಯಾತ್ಮ!

ಟಿವಿಯಲ್ಲಿ ಜನ ಮಾತಾಡುವುದು ಅಷ್ಟು ತೊಂದರೆ ಇಲ್ಲವಂತೆ. ಗಾಳಿಯಲ್ಲಿ ಬರುವ ಸದ್ದು ಬಹುಪಾಲು ನೀರಿನ ಮೇಲೆ ಬಡಿದು ವಾಪಸ್ ಹೋಗುತ್ತದೆ. ಮರದ ಮೂಲಕ ಏರುವ ನಡುಕವೇ ಕೆಟ್ಟದ್ದು. ಪ್ಲೈವುಡ್ಡಿನಿಂದ ಗಾಜಿಗೆ, ಗಾಜಿನಿಂದ ನೇರ ನೀರಿಗೆ. ನೀರೊಳಗೆ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ. ಮೂರಡಿ ಡಬ್ಬದಲ್ಲಿ ಮೀನು ಎಲ್ಲಿಗೆ ಓಡಬೇಕು?

ಗೋಲ್ಡ್‌ಫಿಶ್ ಮೇಲೇ 2004ರಲ್ಲಿ ಬಂದ ಒಂದು ಸಂಶೋಧನೆ ತೋರಿಸಿದಳು. ನೀರೊಳಗೆ ಜೋರು ಸದ್ದು ಹಾಕಿದಾಗ ಬರೀ 10 ನಿಮಿಷಕ್ಕೆ ಅವುಗಳ ಕಿವಿ ಮಂದವಾಗಿತ್ತು, ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿತ್ತು. 21 ದಿನ ಸದ್ದಿನಲ್ಲಿಟ್ಟ ಮೀನಿಗೆ ಕಿವಿ ಪೂರ್ತಿ ಸರಿಹೋಗಲು 14 ದಿನ ಬೇಕಾಯಿತು. ಹಾಗಂತ "ಸದ್ದೊಂದೇ ಕೊಂದಿತು ಅಂತ ಹೇಳಕ್ಕಾಗಲ್ಲ ಮಾವ" ಅಂತಲೂ ಅಂದಳು. ಹೊಸ ಟ್ಯಾಂಕು, 127 ಲೀಟರಿಗೆ ಆರು ಒರಾಂಡಾ, ಮೊದಲ ದಿನವೇ ಎಲ್ಲಾ ಬಿಟ್ಟಿದ್ದು, ಮೀನಿನ ಹೊಲಸಿನಿಂದ ನೀರಲ್ಲಿ ಸೇರಿಕೊಳ್ಳುವ ವಿಷ ಅಮೋನಿಯಾ. ಅದರ ಮೇಲೆ ದಿನಾ ಗಾಬರಿ. ಗಾಬರಿ ಬಿದ್ದ ಮೀನಿಗೆ ಬಿಳಿ ಚುಕ್ಕೆ ರೋಗ ಬೇಗ ಹತ್ತುತ್ತದೆ. ಒಪ್ಪಿಕೊಂಡೆ. ಆದರೆ ಮೊದಲ ದಿನವೇ ಆರನ್ನೂ ಬಿಟ್ಟವನು ಯಾರು? ಅವನೇ ಅಲ್ವಾ?

ಮಾರನೇ ದಿನ ಅಂಗಡಿಗೆ ಹೋದೆ. ನನ್ನ ಹೊಟ್ಟೆ ಉರಿದಿದ್ದು ಅಲ್ಲಿ. ಸಾಲಾಗಿ ಟ್ಯಾಂಕುಗಳು. ಒಂದೊಂದರ ಮೇಲೂ ಚೀಟಿ: "ಗ್ಲಾಸ್ ತಟ್ಟಬೇಡಿ, ಮೀನು ಗಾಬರಿಯಾಗುತ್ತವೆ." ಒಂದು ಮಗು ತಟ್ಟಿತು, ಕೆಲಸದ ಹುಡುಗ ಓಡಿಬಂದು ಗದರಿದ. ಏರ್ ಪಂಪುಗಳನ್ನು ಸ್ಟ್ಯಾಂಡ್ ಮೇಲೆ ಇಟ್ಟಿರಲಿಲ್ಲ, ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ. ನಡುಕ ತಾಗಬಾರದು ಅಂತ. ಪ್ರತಿ ಟ್ಯಾಂಕಿನ ಕೆಳಗೂ ಥರ್ಮೊಕೋಲ್ ಶೀಟ್. ನನ್ನ ಟ್ಯಾಂಕಿನ ಕೆಳಗೆ? ಬರೀ ಪ್ಲೈವುಡ್.

ಫೆಬ್ರವರಿಯಲ್ಲೂ ಆ ಚೀಟಿ ಅಲ್ಲೇ ಇದ್ದಿರಬೇಕು. ಅದರ ಮುಂದೆಯೇ ನಿಂತು ನಾನು ನಕ್ಕಿದ್ದು.

"ಕಿವಿ ಇಲ್ಲದ ಮೀನು ಯಾಕಪ್ಪ ಗಾಬರಿ ಆಗುತ್ತೆ?" ಅಂದೆ.

"ಸರ್, ಅದು ಬೇರೆ, ಇದು ಬೇರೆ."

"ಏನು ಬೇರೆ?"

"ಅದು ತಟ್ಟೋದು ಸರ್. ಇದು ಮ್ಯೂಸಿಕ್."

ದುಡ್ಡು ಕೇಳಿದೆ. ಮೀನಿಗೆ ವಾರಂಟಿ ಇಲ್ಲ, ಕ್ಯಾಬಿನೆಟ್ ನೀವು ಹೇಳಿದ ಹಾಗೇ ಮಾಡಿದ್ದು ಅಂದ. ನಾನು ಹೇಳಿದ ಹಾಗೆ! ಡ್ರಾಯಿಂಗ್ ಹಾಕಿದ್ದು ಅವನು. ಬಿಲ್ ಕೇಳಿದರೆ ಒಂದು ಬಿಳಿ ಹಾಳೆಯಲ್ಲಿ "ಅಕ್ವೇರಿಯಂ ವರ್ಕ್" ಅಂತ ಬರೆದ ಎಸ್ಟಿಮೇಟ್ ತೋರಿಸಿದ. ಇನ್ನೊಬ್ಬ ಗಿರಾಕಿ ಬಂದರು, ನನ್ನನ್ನು ಬಿಟ್ಟು ಅವರ ಕಡೆ ತಿರುಗಿದ.

ಹೀಗೆ ಮಾಡಿಸುವ ಮುಂಚೆ ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿ ಆ ಜಾಗದಲ್ಲಿಡಿ, ವೂಫರ್ ಹಾಕಿ. ನೀರು ನಡುಗಿದರೆ ಅಲ್ಲಿ ಟ್ಯಾಂಕ್ ಬೇಡ. ಸ್ಪೀಕರಿಗೂ ಟ್ಯಾಂಕಿಗೂ ಒಂದೇ ಮರ ಬೇಡ. ಮುಕ್ಕಾಲು ದುಡ್ಡು ಅಡ್ವಾನ್ಸ್ ಕೊಡಬೇಡಿ, ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಹೆಂಡತಿ ಕೇಳಿದ ಪ್ರಶ್ನೆಗೆ ಅಂಗಡಿಯವನು ನಕ್ಕರೆ ಅಲ್ಲಿಂದ ಎದ್ದು ಬನ್ನಿ.

ಉಳಿದ ಎರಡು ಮೀನು ಈಗ ಒಳಗಿನ ರೂಮಿನಲ್ಲಿ, ಕಬ್ಬಿಣದ ಸ್ಟ್ಯಾಂಡ್ ಮೇಲೆ, ಥರ್ಮೊಕೋಲ್ ಹಾಕಿದ ಟ್ಯಾಂಕಿನಲ್ಲಿವೆ. ಎರಡು ವಾರವಾದ ಮೇಲೆ ಮಗ ಹತ್ತಿರ ಹೋದರೆ ಗಾಜಿನ ಹತ್ತಿರ ಬರಲು ಶುರು ಮಾಡಿದವು. ಹಾಲ್‌ನ ಯೂನಿಟ್‌ನಲ್ಲಿ ಟ್ಯಾಂಕಿದ್ದ ಖಾನೆ ಖಾಲಿ ಬಿತ್ತು. ಪುಸ್ತಕಕ್ಕೆ ತುಂಬ ಆಳ. ಸದ್ಯಕ್ಕೆ ಅಲ್ಲಿ ಚಪ್ಪಲಿ ಇಡುತ್ತಿದ್ದೇವೆ.