ಬಳ್ಳಾರಿಯಲ್ಲಿ ಮನೆ ಬ್ರಾಡ್‌ಬ್ಯಾಂಡ್: ನಾಲ್ಕು ಮನೆ, ಮೂರು ಬಗೆಯ ಸೇವೆ

ಗಾಂಧಿನಗರದ ನಮ್ಮ ಮನೆಗೂ ಕೌಲ್‌ಬಜಾರಿನಲ್ಲಿರುವ ಅಕ್ಕನ ಮನೆಗೂ ಒಂದೇ ಕಂಪನಿಯ ಫೈಬರ್ ಬಂದಿದೆ. ಪ್ಲಾನ್ ಕೂಡ ಒಂದೇ, 100 ಎಂಬಿಪಿಎಸ್. ಜಾಹೀರಾತಿನ 599 ರೂಪಾಯಿಗೆ ಶೇಕಡಾ 18ರ ಜಿಎಸ್‌ಟಿ ಸೇರಿ ಇಬ್ಬರ ಬಿಲ್ಲಿನಲ್ಲೂ 706 ರೂಪಾಯಿ 82 ಪೈಸೆ ಬರುತ್ತದೆ. ನಮ್ಮಲ್ಲಿ ರಾತ್ರಿ ಒಂಬತ್ತಕ್ಕೂ ನೆಟ್ ಸರಾಗವಾಗಿ ಬರುತ್ತದೆ. ಅಕ್ಕನ ಮನೆಯಲ್ಲಿ ಮಕ್ಕಳ ಆನ್‌ಲೈನ್ ಪಾಠ ನಡುನಡುವೆ ನಿಂತುಹೋಗುತ್ತಿತ್ತು. ಆದ್ದರಿಂದ ಬಳ್ಳಾರಿಯಲ್ಲಿ ಯಾವ ಕಂಪನಿಯ ನೆಟ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಅವರ ಮನೆ ಯಾವ ಬೀದಿಯಲ್ಲಿದೆ, ಆ ಬೀದಿಯ ಲೈನ್ ನೋಡಿಕೊಳ್ಳುವವರು ಯಾರು ಎಂದು ನಾನು ಮೊದಲು ವಿಚಾರಿಸುತ್ತೇನೆ. ಈ ಎರಡು ಮನೆಗಳ ಜೊತೆಗೆ, ಕೇಬಲ್ ಆಪರೇಟರ್ ಒಬ್ಬರ ನೆಟ್ ಬಳಸುವ ಸಂಗನಕಲ್ಲು ರಸ್ತೆಯ ಗೆಳೆಯನ ಮನೆಯನ್ನೂ, ತಂತಿಯಿಲ್ಲದ 5ಜಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿರುವ ಸಿರುಗುಪ್ಪ ರಸ್ತೆಯ ಮಾವನವರ ಮನೆಯನ್ನೂ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ನೆಟ್ ನಿಧಾನ ಎಂಬ ದೂರನ್ನು ಅಳೆದು ನೋಡದೆ ನಂಬಬಾರದು. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಫೈಲ್ ಇಳಿಸುವಾಗ ಪರದೆಯ ಮೇಲೆ ಕಾಣುವುದು ಹೆಚ್ಚೆಂದರೆ 12.5 ಮೆಗಾಬೈಟ್, ಮತ್ತು ಅದನ್ನು ನೋಡಿ ಕಂಪನಿ ಮೋಸ ಮಾಡಿತು ಎನ್ನುವುದು ನ್ಯಾಯವಲ್ಲ. ವೈಫೈ ಮೇಲೆ ಅಳೆದ ವೇಗವೂ ಲೈನಿನ ವೇಗವಲ್ಲ. ರೂಟರ್‌ನ 2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ದಾಟುತ್ತದೆಯಾದರೂ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳಿರುವುದು 1, 6 ಮತ್ತು 11 ಎಂಬ ಮೂರೇ. ಗೋಡೆಗೆ ಗೋಡೆ ತಾಗಿರುವ ಬ್ರೂಸ್‌ಪೇಟೆಯಂಥ ಕಡೆ ಅಕ್ಕಪಕ್ಕದ ಹತ್ತಾರು ರೂಟರ್‌ಗಳು ಆ ಮೂರರಲ್ಲೇ ನುಗ್ಗಾಡುತ್ತವೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ನಮ್ಮ ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಎರಡನೆಯ ಕೋಣೆಗೆ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. ಹೀಗಾಗಿ ನಾಲ್ಕೂ ಮನೆಗಳಲ್ಲಿ ಲ್ಯಾಪ್‌ಟಾಪ್‌ಗೆ ನೇರವಾಗಿ ಲ್ಯಾನ್ ವೈರ್ ಚುಚ್ಚಿ, ಬೆಳಿಗ್ಗೆ ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ ಅಳೆದದ್ದನ್ನಷ್ಟೇ ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಅಳೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಸ್ಪೀಡ್‌ಟೆಸ್ಟ್ ತೆರೆದ ಕೂಡಲೇ ಅದು ಹತ್ತಿರದ ಸರ್ವರ್ ಒಂದನ್ನು ತಾನೇ ಆರಿಸಿಕೊಳ್ಳುತ್ತದೆ; ಹಲವು ಬಾರಿ ಆ ಸರ್ವರ್ ನಿಮ್ಮ ಕಂಪನಿಯ ಜಾಲದ ಒಳಗೇ ಇರುತ್ತದೆ. ಆಗ ತಿಳಿಯುವುದು ಮನೆಯಿಂದ ಕಂಪನಿಯ ಬಾಗಿಲವರೆಗಿನ ವೇಗ ಮಾತ್ರ, ಅಲ್ಲಿಂದಾಚೆಗಿನದು ಗುಟ್ಟಾಗಿಯೇ ಉಳಿಯುತ್ತದೆ. ಫಾಸ್ಟ್ ಡಾಟ್ ಕಾಮ್ ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳಿಂದ ಅಳೆಯುತ್ತದೆ, ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ ಇದೆ. ಒಂದಕ್ಕೊಂದು ತಾಳೆ ನೋಡುವುದು ಒಳ್ಳೆಯದು. ಗೆಳೆಯನ ಮನೆಯಲ್ಲಿ ರಾತ್ರಿ ಒಂದು ಪರೀಕ್ಷೆ ತೊಂಬತ್ತರ ಮೇಲೆ ತೋರಿಸುತ್ತಿರುವಾಗಲೇ ಇನ್ನೊಂದು ಹದಿನೈದರ ಆಸುಪಾಸಿನಲ್ಲಿ ನಿಂತಿತ್ತು. ಅವನ ಟಿವಿಯಲ್ಲಿ ತಿರುಗುತ್ತಲೇ ಇರುತ್ತಿದ್ದ ಚಕ್ರಕ್ಕೆ ಎರಡನೆಯದೇ ಸರಿಯಾದ ಉತ್ತರ.

ಅವನ ಮನೆಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಊರಿನ ಬಹಳಷ್ಟು ಮನೆಗಳ ಪರಿಸ್ಥಿತಿ ಅದೇ. ಬೆಳಿಗ್ಗೆ ಪೂರ್ತಿ ವೇಗ, ಸಂಜೆ ಏಳರ ನಂತರ ಇಳಿಮುಖ, ಹನ್ನೊಂದಕ್ಕೆ ಮತ್ತೆ ಸರಿ: ಹೀಗೆ ಗಡಿಯಾರ ನೋಡಿಕೊಂಡು ನಿಧಾನವಾಗುವ ನೆಟ್‌ನ ದೋಷ ಸಾಮಾನ್ಯವಾಗಿ ಮನೆಯ ತಂತಿಯಲ್ಲಿ ಇರುವುದಿಲ್ಲ. ಆಪರೇಟರ್ ತನ್ನ ಕಚೇರಿಯಿಂದ ಹೊರಜಗತ್ತಿಗೆ ಕೊಂಡಿರುವ ದೊಡ್ಡ ಲೈನ್ ಎಷ್ಟು ಅಗಲವಿದೆ, ಅದನ್ನು ಎಷ್ಟು ಮನೆಗಳಿಗೆ ಹಂಚಿದ್ದಾನೆ ಎಂಬುದರ ಮೇಲೆ ಅದು ನಿಂತಿದೆ. ಹಂಚುವುದು ತಪ್ಪೇನಲ್ಲ. ದೊಡ್ಡ ಕಂಪನಿಗಳು ಬಳಸುವ ಜಿಪಾನ್ ತಂತ್ರಜ್ಞಾನದಲ್ಲೂ ಒಂದು ಫೈಬರ್‌ನ ಸುಮಾರು 2.5 ಜಿಬಿಪಿಎಸ್ ವೇಗವನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆಯುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಕೇಬಲ್ ಆಪರೇಟರ್‌ಗಳಲ್ಲಿ ಹಲವರು ಬಳಸುವ ಇಪಾನ್ ಎಂಬ ಇನ್ನೊಂದು ಫೈಬರ್ ತಂತ್ರಜ್ಞಾನದಲ್ಲಿ ಹಂಚಿಕೆಗೆ ಸಿಗುವುದು 1 ಜಿಬಿಪಿಎಸ್. ಗಿರಾಕಿಗಳು ಹೆಚ್ಚಿದಂತೆ ಹೊರಗಿನ ಲೈನನ್ನೂ ಹಿಗ್ಗಿಸಬೇಕು. ಅದಕ್ಕೆ ಪ್ರತಿ ತಿಂಗಳು ಹಣ ತೆರಬೇಕಾದ್ದರಿಂದ ಅದು ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಹೋಗುತ್ತದೆ. ಈ ಸ್ಥಿತಿಯಲ್ಲಿ ಗೆಳೆಯ 100ರಿಂದ 200ರ ಪ್ಲಾನ್‌ಗೆ ಏರಿದರೂ ಸಂಜೆಯ ವೇಗ ಬದಲಾಗುವುದಿಲ್ಲ, ಬಿಲ್ ಮಾತ್ರ ಬದಲಾಗುತ್ತದೆ.

ಎರಡನೆಯ ತೊಂದರೆ ಕರೆಂಟಿನದು. ನಿಜವಾದ ಫೈಬರ್ ಜಾಲದಲ್ಲಿ ಕಚೇರಿಗೂ ಮನೆಗೂ ನಡುವೆ ವಿದ್ಯುತ್ತೇ ಬೇಕಿಲ್ಲ. ಒಂದು ಫೈಬರ್‌ನ ಬೆಳಕನ್ನು ಹಲವು ಮನೆಗಳಿಗೆ ಹಂಚುವ, ಕಂಬದ ಮೇಲಿನ ಸ್ಪ್ಲಿಟರ್ ಬರಿಯ ಗಾಜಿನ ಉಪಕರಣ. ಗೆಳೆಯನ ಬೀದಿಗೆ ಫೈಬರ್ ಬರುವುದು ಮೂಲೆಮನೆಯವರೆಗೆ ಮಾತ್ರ. ಅಲ್ಲಿ ಒಂದು ಸ್ವಿಚ್ ಡಬ್ಬಿ ಇಟ್ಟು, ಮುಂದಕ್ಕೆ ಲ್ಯಾನ್ ವೈರನ್ನು ಮಾಳಿಗೆಯಿಂದ ಮಾಳಿಗೆಗೆ ಎಳೆದಿದ್ದಾರೆ. ಆ ಮೂಲೆಮನೆಯ ಕರೆಂಟ್ ಹೋದರೆ, ಗೆಳೆಯನ ಮನೆಯಲ್ಲಿ ಇನ್ವರ್ಟರ್ ಉರಿಯುತ್ತಿದ್ದರೂ ನೆಟ್ ಇಲ್ಲ. ಜೆಸ್ಕಾಂನವರು ದುರಸ್ತಿಗೆಂದು ಲೈನ್ ತೆಗೆದ ದಿನ ಇಡೀ ಬೀದಿ ಕೆಲಸವಿಲ್ಲದೆ ಕೂರುತ್ತದೆ. ಹೊಸ ಸಂಪರ್ಕ ಪಡೆಯುವವರು ಕೇಳಲೇಬೇಕಾದ ಪ್ರಶ್ನೆ ಇದು: ಮನೆಯೊಳಗೆ ಬರುವುದು ಫೈಬರ್ ತಂತಿಯೋ, ಲ್ಯಾನ್ ವೈರೋ? ಫೈಬರ್ ಆಗಿದ್ದರೆ ರೂಟರ್‌ಗೆ 12 ವೋಲ್ಟ್‌ನ ಒಂದು ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಸಾಕು, ಬೀದಿಯಲ್ಲಿ ಕತ್ತಲಾದರೂ ಕೆಲಸ ನಡೆಯುತ್ತದೆ.

ಇಷ್ಟೆಲ್ಲ ಇದ್ದೂ ಗೆಳೆಯ ಆ ಆಪರೇಟರನ್ನು ಬಿಟ್ಟಿಲ್ಲ, ಅವನ ಬೀದಿಯ ಬಹುತೇಕ ಮನೆಗಳೂ ಬಿಟ್ಟಿಲ್ಲ. ಕಾರಣ ಸರಳ: ಫೋನ್ ಮಾಡಿದರೆ ಆಪರೇಟರೇ ಎತ್ತುತ್ತಾರೆ, ಮಧ್ಯಾಹ್ನದ ಬಿಸಿಲಿನಲ್ಲೂ ಹುಡುಗನೊಬ್ಬ ಏಣಿ ಹಿಡಿದು ಬೈಕಿನಲ್ಲಿ ಬರುತ್ತಾನೆ, ರೀಚಾರ್ಜ್ ಎರಡು ದಿನ ತಡವಾದರೆ ಲೈನ್ ಕಡಿಯುವುದಿಲ್ಲ. ವೇಗದ ಪಟ್ಟಿಯಲ್ಲಿ ಕೊನೆಗೆ ಬರುವ ಸೇವೆಗೆ ಗಿರಾಕಿಗಳ ಒಲವು ಹೆಚ್ಚಿರುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಕಾಲ್‌ಸೆಂಟರ್‌ಗಳ ಜೊತೆ ಹೆಣಗಿದವರಿಗೆ ಕಾಣುವುದಿಲ್ಲ.

ಅಕ್ಕನ ಮನೆಯ ದೋಷ ಬೇರೆ ಜಾತಿಯದು. ಅಲ್ಲಿ ಹೊತ್ತುಗೊತ್ತಿಲ್ಲದೆ ನೆಟ್ ಹೋಗುತ್ತಿತ್ತು, ಬಂದಾಗಲೂ ತಡವರಿಸುತ್ತಿತ್ತು, ಡಬ್ಬಿಯ ಮೇಲೆ ಆಗಾಗ ಕೆಂಪು ದೀಪ ಹತ್ತುತ್ತಿತ್ತು. ರೂಟರ್‌ನ ಪುಟ ತೆರೆದು ನೋಡಿದಾಗ ಒಳಬರುವ ಬೆಳಕಿನ ಬಲ ಮೈನಸ್ 28 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್‌ನ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಹತ್ತಿರವಿತ್ತು. ಸಾಮಾನ್ಯ ಜಿಪಾನ್ ಡಬ್ಬಿಗೆ ಮೈನಸ್ 27ರ ಆಸುಪಾಸೇ ಕೊನೆಯ ಗಡಿ. ಮೂರು ಡೆಸಿಬೆಲ್ ಇಳಿದರೆ ಬೆಳಕು ಅರ್ಧವಾಯಿತೆಂದೇ ಅರ್ಥ. ನಮ್ಮ ಮನೆಯಲ್ಲಿ ಅದೇ ಅಂಕಿ ಮೈನಸ್ 20. ಅಕ್ಕನ ಮನೆಗೆ ಕಂಬದಿಂದ ಬರುವ ಡ್ರಾಪ್ ವೈರನ್ನು ಕಂಬಕ್ಕೆ ಬಿಗಿಯಾಗಿ ಸುತ್ತಿದ್ದರು, ಕಡಿದಿದ್ದ ಒಂದು ಕಡೆ ಜೋಡಣೆಯನ್ನು ಡಬ್ಬಿಯೊಳಗೆ ಇಡದೆ ಟೇಪ್ ಸುತ್ತಿ ಬಿಸಿಲಿಗೆ ಬಿಟ್ಟಿದ್ದರು. ಫೈಬರ್ ಗಾಜಿನ ಎಳೆ; ಮಡಿಸಿದಲ್ಲಿ ಬೆಳಕು ಸೋರುತ್ತದೆ, ಮತ್ತು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಟೇಪಿನ ಅಂಟು ಎಷ್ಟು ದಿನ ನಿಂತೀತು? ಹೊಸದಾಗಿ ಸ್ಪ್ಲೈಸ್ ಮಾಡಿ, ಅಂದರೆ ಕಡಿದ ಎಳೆಗಳನ್ನು ಬೆಸೆದು, ಜೋಡಣೆಯನ್ನು ಡಬ್ಬಿಯಲ್ಲಿ ಮುಚ್ಚಿದ ಮೇಲೆ ಅಂಕಿ ಮೈನಸ್ 21ಕ್ಕೆ ಬಂತು, ದೂರು ಮುಗಿಯಿತು.

ಆದರೆ ಅಲ್ಲಿಗೆ ತಲುಪುವ ಮೊದಲು ಅನುಭವಿಸಿದ್ದೇ ಈ ಕಂಪನಿಗೆ ನಾನು ಪೂರ್ಣ ಅಂಕ ಕೊಡದಿರಲು ಕಾರಣ. ಸಹಾಯವಾಣಿಯವರು ಪ್ರತಿ ಬಾರಿಯೂ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬಲ್ಲಿಂದಲೇ ಶುರು ಮಾಡುತ್ತಾರೆ. ಬೆಳಕಿನ ಅಂಕಿ ಹೇಳಿದರೆ ಬರೆದುಕೊಳ್ಳುವ ವ್ಯವಸ್ಥೆ ಅವರಲ್ಲಿಲ್ಲ. ಮನೆಗೆ ಬಂದ ಗುತ್ತಿಗೆ ಲೈನ್‌ಮನ್, "ಮೊದ್ಲು ಓಟಿಪಿ ಹೇಳ್ರಿ ಅಕ್ಕಾ, ಟಿಕೆಟ್ ಕ್ಲೋಸ್ ಆಗ್ಲಿ, ಸಂಜಿಗೆ ಬಂದು ನೋಡ್ತೀನ್ರಿ" ಎಂದು ಓಟಿಪಿ ಪಡೆದು ಹೋದರೆ ಆ ಸಂಜೆ ಬರುವುದೇ ಇಲ್ಲ, ದಾಖಲೆಯಲ್ಲಿ ಮಾತ್ರ ದುರಸ್ತಿ ಪೂರ್ಣ. ಕೆಲಸ ಮುಗಿದು, ವೇಗ ಅಳೆದು ನೋಡುವವರೆಗೆ ಓಟಿಪಿ ಕೊಡಕೂಡದು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಟಿಕೆಟ್ ಮುಚ್ಚಿದ ಲೆಕ್ಕದ ಮೇಲೆ ಕೂಲಿ ಕೊಡುವವರು ದುರಸ್ತಿಯನ್ನು ನಿರೀಕ್ಷಿಸಬಾರದು.

ಮಾವನವರ ಮನೆಯ 5ಜಿ ಬ್ರಾಡ್‌ಬ್ಯಾಂಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈಬರ್ ಇನ್ನೂ ತಲುಪದ ಹೊಸ ಬಡಾವಣೆಗೆ ಅದು ವರವೇ ಸರಿ. ಮಾಳಿಗೆಯ ಮೇಲಿನ ಡಬ್ಬಿ ಟವರ್ ಕಡೆ ಮುಖ ಮಾಡಿದ್ದರೆ ಸಿನಿಮಾ ನೋಡಲು ಅಡ್ಡಿಯಿಲ್ಲ. ಸಂಜೆ ಆ ಟವರನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುವುದರಿಂದ ವೇಗ ಏರಿಳಿಯುತ್ತದೆ, ವಿಡಿಯೊ ಕರೆಯಲ್ಲಿ ಮಾತು ತಡವಾಗಿ ತಲುಪುತ್ತದೆ. ಫೈಬರ್ ಸಿಗುವ ಕಡೆ ಇದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಡೇಟಾ ಮಿತಿ. ಹಲವು ಅನ್‌ಲಿಮಿಟೆಡ್ ಪ್ಲಾನ್‌ಗಳ ಸಣ್ಣ ಅಕ್ಷರಗಳಲ್ಲಿ ತಿಂಗಳಿಗೆ 3,300 ಜಿಬಿ ಎಂದಿರುತ್ತದೆ, ನಂತರ ವೇಗ ಇಳಿಸುತ್ತಾರೆ. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ ಎಂದುಕೊಂಡರೆ, ಒಂದು ಟಿವಿಯನ್ನು ಹಗಲಿರುಳು ಹಚ್ಚಿಟ್ಟರೂ ತಿಂಗಳಿಗೆ ಆ ಮಿತಿ ಮುಟ್ಟುವುದಿಲ್ಲ. ಆದ್ದರಿಂದ, ಅಂಥ ಪ್ಲಾನ್ ಇರುವ ಸಾಧಾರಣ ಮನೆಯವರಿಗೆ "ನಿಮ್ಮ ಡೇಟಾ ಮುಗಿದಿರಬೇಕು" ಎಂಬ ಉತ್ತರ ಬಂದರೆ ಬಳಕೆಯ ವಿವರ ತೋರಿಸಿ ಎಂದು ಕೇಳುವುದು ಮೇಲು.

ಕಾನೂನಿನಿಂದ ವೇಗದ ಮಟ್ಟಿಗೆ ಹೆಚ್ಚು ಸಹಾಯವಿಲ್ಲ: 2023ರ ಜನವರಿಯಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ 2 ಎಂಬಿಪಿಎಸ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಹಿಂದೆ ಅದು 512 ಕೆಬಿಪಿಎಸ್ ಆಗಿತ್ತು ಎಂಬುದಷ್ಟೇ ಸಮಾಧಾನ. ದೂರಿನ ವಿಷಯದಲ್ಲಿ ಹಾಗಲ್ಲ. ದೂರಿಗೆ ಒಂದು ಸಂಖ್ಯೆ ಕೊಡುವುದು ಕಂಪನಿಯ ಕರ್ತವ್ಯ; 2012ರ ಟ್ರಾಯ್ ನಿಯಮಾವಳಿಯಂತೆ, ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದು 39 ದಿನಗಳೊಳಗೆ ತೀರ್ಮಾನಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆ ಎಂಬುದರೊಳಗೆ ಟೆಲಿಕಾಂ ಕೂಡ ಸೇರಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಕ್ಕನ ಪ್ರಕರಣದಲ್ಲಿ ದೂರಿನ ಸಂಖ್ಯೆಗಳನ್ನೆಲ್ಲ ಜೋಡಿಸಿ, ಬೆಳಕಿನ ಅಂಕಿಯ ಚಿತ್ರ ಲಗತ್ತಿಸಿ ಮೇಲ್ಮನವಿ ಕಳಿಸಿದ ನಂತರವೇ ಸ್ಪ್ಲೈಸಿಂಗ್ ಯಂತ್ರ ಹೊತ್ತ ಬೇರೆ ತಂಡ ಬಂದದ್ದು.

ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ ನಾನು ಸೂಚಿಸುವುದು, ಮನೆಯೊಳಗಿನವರೆಗೂ ಫೈಬರ್ ತರುವ ಸೇವೆಯನ್ನು. ಅದು ದೇಶವ್ಯಾಪಿ ಕಂಪನಿಯದಾದರೂ ಸರಿ, ಸ್ಥಳೀಯ ಆಪರೇಟರಿನದಾದರೂ ಸರಿ. ಹಾಕಿಸುವ ಮುನ್ನ ಅದೇ ಕಂಬದಿಂದ ಲೈನ್ ಪಡೆದಿರುವ ಪಕ್ಕದ ಮನೆಯವರನ್ನು ಮಾತಾಡಿಸಿ, ಸಾಧ್ಯವಾದರೆ ರಾತ್ರಿ ಒಂಬತ್ತಕ್ಕೆ ಅವರ ಮನೆಯಲ್ಲೇ ಒಮ್ಮೆ ಅಳೆದು ನೋಡಿ. ರಿಯಾಯಿತಿಯ ಆಸೆಗೆ ವರ್ಷದ ಹಣವನ್ನು ಒಮ್ಮೆಲೇ ಕಟ್ಟುವುದನ್ನು ಕನಿಷ್ಠ ಒಂದು ಬೇಸಿಗೆ ಕಳೆಯುವವರೆಗೆ ತಡೆಹಿಡಿಯಿರಿ. ಅಕ್ಕನ ಮನೆಯಲ್ಲಿ ಲೈನ್ ಸರಿಯಾಗಿ ತಿಂಗಳುಗಳಾದರೂ ಅವಳು ಈಗಲೂ ತಿಂಗಳು ತಿಂಗಳೇ ಕಟ್ಟುತ್ತಾಳೆ.