ಯುಕೆಜಿ ಮಗಳ ಸೈಟ್ ವರ್ಡ್ಸ್: ಅಂಗಡಿ ಕಾರ್ಡಾ, ಆ್ಯಪಾ, ಮದುವೆ ಕಾಗದದ ಬೆನ್ನಾ?

349 ರೂಪಾಯಿ ಕೊಟ್ಟು ತರಿಸಿದ ಫ್ಲ್ಯಾಶ್ ಕಾರ್ಡಿನ ಪೆಟ್ಟಿಗೆ ಈಗ ಅಟ್ಟದಲ್ಲಿದೆ. ಆ್ಯಪನ್ನು ಫೋನಿನಿಂದ ತೆಗೆದಿದ್ದೇನೆ. ಹಳೆಯ ಮದುವೆ ಕಾಗದಗಳ ಹಿಂದಿನ ಖಾಲಿ ಜಾಗದಲ್ಲಿ ನಾನೇ ಸ್ಕೆಚ್ ಪೆನ್ನಿನಿಂದ ಬರೆದುಕೊಟ್ಟ ಸೈಟ್ ವರ್ಡ್ಸ್, ಅಂದರೆ ನೋಡಿದ ಕೂಡಲೇ ಗುರುತಿಸಿ ಓದಬೇಕಾದ ಇಂಗ್ಲಿಷ್ ಶಬ್ದಗಳನ್ನು ಮಗಳು ದಿನಾ ಓದುತ್ತಾಳೆ. ಜೂನ್‌ನಿಂದ ಚೌತಿಯವರೆಗೆ ಮೂರನ್ನೂ ಬಳಸಿ ನೋಡಿದ್ದೇವೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ತುಳು, ಶಾಲೆಯ ವ್ಯಾನ್ ಹತ್ತಿದರೆ ಮಲಯಾಳಂ. ಇಂಗ್ಲಿಷ್ ಅವಳಿಗೆ ನಾಲ್ಕನೆಯದು. ಟೀಚರ್ ಕಳಿಸಿದ ಪಟ್ಟಿಯಲ್ಲಿ 40 ಶಬ್ದಗಳಿದ್ದವು. ಅಮೆರಿಕದ ಎಡ್ವರ್ಡ್ ಡಾಲ್ಚ್ ಎಂಬ ಪ್ರಾಧ್ಯಾಪಕರು 1936ರಲ್ಲಿ ಪ್ರಕಟಿಸಿದ 220 ಶಬ್ದಗಳ ಪಟ್ಟಿ ಇದೆಯಲ್ಲ, ಅದರ ಮೊದಲ ಮೆಟ್ಟಿಲು ಇದು. ಮಕ್ಕಳ ಪುಸ್ತಕದಲ್ಲಿ ಮತ್ತೆ ಮತ್ತೆ ಸಿಗುವ ‘ದ’, ‘ಈಸ್’, ‘ಸೆಡ್’ ಥರದವು.

ಅಂಗಡಿ ಕಾರ್ಡು ನೋಡಲು ಚಂದ, ಗಟ್ಟಿ, ನೀರು ಬಿದ್ದರೂ ಹಾಳಾಗುವುದಿಲ್ಲ. ತೊಂದರೆ ಇದ್ದದ್ದು ಚಿತ್ರದಲ್ಲಿ. ‘ಲುಕ್’ ಕಾರ್ಡಿನ ಮೇಲೆ ಎರಡು ದೊಡ್ಡ ಕಣ್ಣು. ಮಗಳು ಅದನ್ನು ನೋಡಿ ‘ಐಸ್’ ಎಂದಳು. ಅಲ್ಲ, ‘ಲುಕ್’ ಎಂದು ಹೇಳಿಕೊಟ್ಟೆ. ಮರುದಿನದಿಂದ ಸರಿಯಾಗಿಯೇ ಹೇಳಿದಳು. ಎರಡು ವಾರದಲ್ಲಿ ಇಪ್ಪತ್ತು ಕಾರ್ಡು ಪಟಪಟ ಹೇಳಿದಾಗ ನನಗೆ ತುಂಬ ಖುಷಿಯಾಗಿತ್ತು. ಒಂದು ದಿನ ಚಿತ್ರದ ಮೇಲೆ ಹೆಬ್ಬೆರಳಿಟ್ಟು ತೋರಿಸಿದೆ. ಒಂದೂ ಬರಲಿಲ್ಲ. ಅಷ್ಟು ದಿನ ಅವಳು ಓದಿದ್ದು ಚಿತ್ರವನ್ನು, ಅಕ್ಷರವನ್ನಲ್ಲ.

ಇನ್ನೊಂದು, ಅಚ್ಚಿನ ಅಕ್ಷರದ ರೂಪ. ಟೀಚರ್ ಬರೆಸುವ ಸಣ್ಣ ‘ಎ’ ಒಂದು ಸೊನ್ನೆ, ಪಕ್ಕಕ್ಕೊಂದು ಗೆರೆ. ಕಾರ್ಡಿನ ‘ಎ’ಗೆ ತಲೆಯ ಮೇಲೆ ಕೊಕ್ಕೆ. ‘ಇದು ಎ ಅಲ್ಲಮ್ಮಾ’ ಎಂದು ಅವಳು ಹಟ ಹಿಡಿದಳು. ‘ಬಿಗ್’ನಲ್ಲಿ ಬರುವ ‘ಜಿ’ ಒಂದರ ಕೆಳಗೊಂದು ಇಟ್ಟ ಎರಡು ಬಳೆಯ ಹಾಗಿತ್ತು. ದೊಡ್ಡ ‘ಐ’ಗೂ ಸಣ್ಣ ‘ಎಲ್’ಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಆಗಷ್ಟೇ ಬರೆಯಲು ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ತಾನು ಬರೆದದ್ದು ತಪ್ಪೇನೋ ಎಂದು ಅವಳು ಪುಸ್ತಕದಲ್ಲಿ ಉಜ್ಜಿ ಉಜ್ಜಿ ಅಳಿಸುತ್ತಿದ್ದಳು. ಕಾರ್ಡು ಕೊಳ್ಳುವವರು ಬೆಲೆಗಿಂತ ಮೊದಲು ‘ಎ’ ಮತ್ತು ‘ಜಿ’ ಹೇಗಿವೆ ಎಂದು ನೋಡಿ.

ಆ್ಯಪಿನಲ್ಲಿ ಉಚ್ಚಾರ ಚೆನ್ನಾಗಿ ಕೇಳಿಸುತ್ತದೆ. ನನಗೇ ಅನುಮಾನ ಇದ್ದ ಕಡೆ ಅದು ಸಹಾಯವಾಯಿತು. ಆದರೆ ನಾಲ್ಕು ಶಬ್ದ ತೋರಿಸಿ ಒಂದನ್ನು ಒತ್ತಿಸುತ್ತದೆ. ಒಂದಾದ ಮೇಲೆ ಒಂದು ಒತ್ತುತ್ತಾ ಹೋದರೂ ಕೊನೆಗೆ ನಕ್ಷತ್ರ ಸಿಗುತ್ತದೆ. ಬರೆಯಲು ಕೊಟ್ಟರೆ ಕೈ ಓಡುವುದಿಲ್ಲ. ತಿಂಗಳಿಗೆ 199 ರೂಪಾಯಿ. ಆಟಿಯ ಮಳೆಗೆ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಮದುವೆ ಕಾಗದ ಹೊಳೆದದ್ದು ಕಪಾಟು ಒತ್ತರೆ ಮಾಡುವಾಗ. ದಪ್ಪ ಕಾಗದ, ಹಿಂದೆ ಏನೂ ಇಲ್ಲ. ಕತ್ತರಿಸಿ, ಟೀಚರ್ ಬರೆಸುವ ಹಾಗೆಯೇ ಅಕ್ಷರ ಬರೆದೆ. ಚಿತ್ರ ಇಲ್ಲ. ಹೇಳಿದ ಸದ್ದನ್ನೇ ಕೊಡುವ ಅಕ್ಷರಕ್ಕೆ ಕಪ್ಪು, ಮೋಸ ಮಾಡುವ ಅಕ್ಷರಕ್ಕೆ ಕೆಂಪು. ಕನ್ನಡದಲ್ಲಿ ಬರೆದದ್ದನ್ನೇ ಓದಿ ರೂಢಿಯಾದ ಮಗು ‘ಸೆಡ್’ ಶಬ್ದವನ್ನು ‘ಸೈಡ್’ ಎಂದರೆ ಅದರಲ್ಲಿ ಅವಳ ತಪ್ಪಿಲ್ಲ ಅಲ್ವಾ? ಅದರಲ್ಲಿ ಎಸ್, ಡಿ ಕಪ್ಪು, ನಡುವಿನ ಎ, ಐ ಕೆಂಪು. ನೆನಪಿಡಬೇಕಾದದ್ದು ಆ ಕೆಂಪು ಮಾತ್ರ. ‘ಬಿಗ್’, ‘ರನ್’, ‘ಅಪ್’, ‘ಇಟ್’, ‘ರೆಡ್’ ಪೂರ್ತಿ ಕಪ್ಪು. ಅವನ್ನು ಸದ್ದು ಕೂಡಿಸಿ ಓದಿದರೆ ಸಾಕು, ಬಾಯಿಪಾಠ ಬೇಡ.

ಸ್ಪೆಲ್ಲಿಂಗಿಗೆ ಹರಿವಾಣದಲ್ಲಿ ಅಕ್ಕಿ ಹರಡಿ ಕೊಟ್ಟೆ. ವಿಜಯದಶಮಿಗೆ ಅಕ್ಕಿಯ ಮೇಲೆ ಅಕ್ಷರ ಬರೆದದ್ದು ಅವಳಿಗೆ ನೆನಪಿತ್ತು, ಖುಷಿಯಿಂದ ಕೂತಳು. ಕಾರ್ಡು ನೋಡಬೇಕು, ಮಗುಚಿ ಇಡಬೇಕು, ಸದ್ದು ಹೇಳುತ್ತಾ ಬೆರಳಲ್ಲಿ ಬರೆಯಬೇಕು, ಮತ್ತೆ ಕಾರ್ಡು ತಿರುಗಿಸಿ ನೋಡಬೇಕು. ದಿನಕ್ಕೊಂದು ಹೊಸ ಶಬ್ದ, ಶನಿವಾರ ಭಾನುವಾರ ಹಳೆಯವು. 40 ಶಬ್ದಕ್ಕೆ ಎಂಟು ವಾರ ಹಿಡಿಯಿತು.

ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಅವಳ ಜೊತೆ ಕೂರುವುದು ನನಗೆ ರೂಢಿ. ಅದಕ್ಕೇ ಇದು ನಮಗೆ ಹೊಂದಿತು. ಖರ್ಚು ಎರಡು ಸ್ಕೆಚ್ ಪೆನ್ನಿನದ್ದು ಮಾತ್ರ. ಅಷ್ಟು ಹೊತ್ತು ಸಿಗದವರು ಅಂಗಡಿ ಕಾರ್ಡನ್ನೇ ತಂದು ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸಬಹುದು. ಆ್ಯಪಿಗೆ ಮಾತ್ರ ನಾನು ಮತ್ತೆ ದುಡ್ಡು ಹಾಕುವುದಿಲ್ಲ.

ಮೊನ್ನೆ ‘ವೇರ್’ ಕಾರ್ಡನ್ನು ಬಹಳ ಹೊತ್ತು ನೋಡಿ, ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಕೂಗಿದಳು: ‘ಅಮ್ಮಾ, ಇದರ ಹೊಟ್ಟೆಯಲ್ಲಿ ಹಿಯರ್ ಉಂಟು!’